ಅಂಗೈ ತಿರುಗದ ಅಧ್ಯಾಯ

ತಪ್ಪು ಇದ್ದದ್ದು ನಾಲ್ಕನೆಯ ಪ್ರಮೇಯದಲ್ಲಿ. ಮುಂಬಯಿಯ ನನ್ನ ಮಾರ್ಗದರ್ಶಕರು ಬೈಯಲಿಲ್ಲ, ದನಿ ಏರಿಸಲಿಲ್ಲ. ನನ್ನ ಡಾಕ್ಟರೇಟ್ ಪ್ರಬಂಧದ ಆ ಪುಟ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಒಂದೊಂದೇ ಪದ ಕೂಡಿಸುತ್ತ ಹೋದಾಗ ನಿಜವಾಗುವ ಮಾತನ್ನು ನೀವು ಅನಂತದವರೆಗೂ ಎಳೆದಿದ್ದೀರಿ. ಎಳೆಯಲು ಪರವಾನಗಿ ಎಲ್ಲಿದೆ?"

ಪರವಾನಗಿ ಇರಲಿಲ್ಲ. ಎರಡು, ಮೂರು, ಐದು, ಏಳು, ಹನ್ನೊಂದು ಹೀಗೆ ಒಂದು ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗಳ ಬೆನ್ನು ಹತ್ತಿ ನಾನು ಐದಾರು ವರ್ಷ ಕಳೆದಿದ್ದೆ. ಮುಂದೆ ಹೋದಂತೆ ಅವು ಎಷ್ಟು ವಿರಳವಾಗುತ್ತವೆ ಎಂಬುದಕ್ಕೆ ಒಂದು ಮಿತಿ ಹಾಕಿದ್ದೇನೆಂದು ನಂಬಿದ್ದೆ. "ಎಷ್ಟು ದೂರ ಹೋದರೂ ಸರಿ" ಎನ್ನುವುದು ಬೇರೆ, "ಕೊನೆಯಿಲ್ಲದೆಯೂ ಸರಿ" ಎನ್ನುವುದು ಬೇರೆ ಎಂದು ಕುಮಟೆಯ ಕಾಲೇಜಿನಲ್ಲಿ ಹುಡುಗರಿಗೆ ವರ್ಷವರ್ಷವೂ ಪಾಠ ಹೇಳುತ್ತಿದ್ದವನೂ ನಾನೇ. ಆ ಒಂದು ಸಾಲು ಬಿದ್ದ ಮೇಲೆ ಅದರ ಮೇಲೆ ಕಟ್ಟಿದ್ದೆಲ್ಲ ಬಿತ್ತು. ಇನ್ನೆರಡು ವರ್ಷ ಕೂತರೆ ಸರಿಹೋದೀತು ಎಂದರು ಅವರು. ಆ "ಹೋದೀತು" ನನ್ನ ಕಿವಿಯಲ್ಲಿ "ಹೋಗಲಾರದು" ಎಂದೇ ಕೇಳಿಸಿತು.

ಹುಬ್ಬಳ್ಳಿಯಲ್ಲಿ ರೈಲಿಳಿದು, ದೇವಿಮನೆ ಘಟ್ಟದ ತಿರುವುಗಳನ್ನು ಇಳಿದು ಕುಮಟೆಗೆ ಬಂದೆ. ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿರುತ್ತಿತ್ತು. ಕಾಲೇಜಿಗೆ ಹೋಗುತ್ತಿದ್ದೆ, ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿದ್ದೆ, ಮನೆಗೆ ಬಂದು ಗೋಡೆ ನೋಡುತ್ತ ಮಲಗುತ್ತಿದ್ದೆ. ಬದುಕಿನಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ ಕೆಲಸ, ಅದೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಉಳಿದ ದಿನಗಳನ್ನು ಏನು ಮಾಡುವುದೆಂದೇ ತಿಳಿಯುತ್ತಿರಲಿಲ್ಲ.

ವಿಜ್ಞಾನ ಲೇಖನ ಎಂಬುದು ನನ್ನ ಪಾಲಿಗೆ ಬಂದದ್ದು ಹೀಗೆ ಗೋಡೆ ನೋಡುತ್ತಿದ್ದಾಗ. ರಷ್ಯದವರು ಉಪಗ್ರಹ ಹಾರಿಸಿ ಹೆಚ್ಚು ಕಾಲವಾಗಿರಲಿಲ್ಲ. ಜನ ಸಂಜೆ ಸಮುದ್ರದ ದಂಡೆಗೆ ಹೋಗಿ ಆಕಾಶ ನೋಡುತ್ತಿದ್ದರು, ಕಂಡ ಚುಕ್ಕಿಯನ್ನೆಲ್ಲ ರಷ್ಯಕ್ಕೆ ಬರೆದುಕೊಡುತ್ತಿದ್ದರು. ಹುಬ್ಬಳ್ಳಿಯ ಒಂದು ವಾರಪತ್ರಿಕೆಯ ಸಂಪಾದಕರು ಆಕಾಶದ ಬಗ್ಗೆ ನಾಲ್ಕು ಲೇಖನ ಕೇಳಿದರು. ಬೇರೆ ಕೆಲಸವಿಲ್ಲದ್ದಕ್ಕೆ ಒಪ್ಪಿದೆ.

ಮೊದಲ ಲೇಖನವೇ ಮುಗ್ಗರಿಸಿತು. ಅತಿ ಹತ್ತಿರದ ನಕ್ಷತ್ರವೂ ನಮ್ಮಿಂದ ಹತ್ತರ ಹದಿಮೂರನೆಯ ಘಾತದಷ್ಟು ಮೈಲಿಗೂ ಆಚೆ ಇದೆ ಎಂದು ನಾನು ಅಂಕಿಯಲ್ಲಿ ಬರೆದಿದ್ದೆ. ಹತ್ತು, ಅದರ ನೆತ್ತಿಯ ಮೇಲೆ ಸಣ್ಣದಾಗಿ ಹದಿಮೂರು. ಅಚ್ಚುಕೂಟದಲ್ಲಿ ನೆತ್ತಿಯ ಮೇಲೆ ಕೂರಿಸುವ ಸಣ್ಣ ಮೊಳೆಗಳೇ ಇರಲಿಲ್ಲ. ಮೊಳೆ ಜೋಡಿಸುವವರು ಹದಿಮೂರನ್ನು ಕೆಳಗಿಳಿಸಿ ಹತ್ತರ ಪಕ್ಕ ನಿಲ್ಲಿಸಿದರು. ನಕ್ಷತ್ರ ಸಾವಿರದ ಹದಿಮೂರು ಮೈಲಿಗೆ ಬಂದು ನಿಂತಿತು.

ಆ ವಾರ ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಪತ್ರಿಕೆ ಬೀಸುತ್ತ ನನ್ನ ಬಳಿ ಬಂದರು. ಹೊನ್ನಾವರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರರು. ತಾಳಮದ್ದಳೆಯಲ್ಲಿ ದೊಡ್ಡ ಅರ್ಥಧಾರಿ ಎಂದು ಹೆಸರು. ಭಾಗವತರು ಪದ್ಯ ಹಾಡಿದ ಮೇಲೆ ವೇಷವಿಲ್ಲದೆ ಚಾಪೆಯ ಮೇಲೆ ಕೂತು, ಪಾತ್ರವಾಗಿ, ಅಲ್ಲೇ ಹುಟ್ಟಿದ ಮಾತಿನಲ್ಲಿ ಎದುರಿನವನ ಜೊತೆ ವಾದ ಹೂಡುವ ಆ ಕಲೆಯಲ್ಲಿ ಅವರನ್ನು ಮಣಿಸುವುದು ಕಷ್ಟ ಎನ್ನುತ್ತಿದ್ದರು.

"ಎಂತ ಪ್ರೊಫೆಸರ್ರೆ, ನಕ್ಷತ್ರ ದಿಲ್ಲಿಗಿಂತ ಈಚೆ ಉಂಟಾ? ಹಂಗಾದ್ರೆ ಬಸ್ ಬಿಡ್ಸಿ, ಹೋಗಿ ಬರ್ವ."

ನಾನು ಅಚ್ಚುಕೂಟವನ್ನು ದೂರಿದೆ.

"ಕುಣಿಲಿಕ್ಕೆ ಬರದವ್ಳು ನೆಲ ಡೊಂಕು ಅಂದ್ಳಂತೆ. ಮೊಳೆ ಇಲ್ಲದಿದ್ರೆ ಮಾತಲ್ಲಿ ಹೇಳಿ. ನಾವು ರಾವಣನ ಹತ್ತು ತಲೆ ಮಾತಲ್ಲೇ ತೋರ್ಸೂದು."

ಅವರ ಮಾತು ಹಿತವೆನಿಸಲಿಲ್ಲ. ಆದರೆ ಮುಂದಿನ ಲೇಖನದಲ್ಲಿ ಚಿಹ್ನೆಗಳನ್ನೆಲ್ಲ ಬಿಟ್ಟೆ. ಸಮ ಚಿಹ್ನೆ ಬಿಟ್ಟೆ, ಘಾತ ಬಿಟ್ಟೆ, ಚಿತ್ರ ಬಿಟ್ಟೆ. ಒಂದು ಸಮೀಕರಣ ನುಂಗುವ ಸಾಲನ್ನು ಅರ್ಧ ಪುಟ ಹಿಗ್ಗಿಸಬೇಕಾಗುತ್ತಿತ್ತು. ಬರೆದದ್ದನ್ನು ಓದಿದರೆ ನೀರು ಹಾಕಿದ ಮಜ್ಜಿಗೆಗೆ ಮತ್ತೆ ನೀರು ಹಾಕಿದ ಹಾಗಿರುತ್ತಿತ್ತು. ಗಣಿತ ಕೈಬಿಟ್ಟವನಿಗೆ ಕನ್ನಡವೂ ಕೈ ಹಿಡಿಯಲಿಲ್ಲ ಅನ್ನಿಸಿ ಮತ್ತಷ್ಟು ಕುಸಿದೆ.

ಭಟ್ಕಳದ ಒಂದು ವಾಚನಾಲಯದವರು ಉಪಗ್ರಹದ ಮೇಲೆ ಉಪನ್ಯಾಸಕ್ಕೆ ಕರೆದದ್ದು ಆಗಲೇ. ಬಸ್ಸು ಹೊನ್ನಾವರದ ಧಕ್ಕೆಯಲ್ಲಿ ನಿಲ್ಲುತ್ತಿತ್ತು. ಅಲ್ಲಿ ಇಳಿದು ಲಾಂಚು ಹತ್ತಿ ಶರಾವತಿ ದಾಟಿ, ಕಾಸರಕೋಡದ ಒಣಮೀನಿನ ವಾಸನೆಯಲ್ಲಿ ಇನ್ನೊಂದು ಬಸ್ಸಿಗೆ ಕಾಯಬೇಕು. ಲಾಂಚಿನಲ್ಲಿ ಮಾಸ್ತರರೂ ಹತ್ತಿದರು. ಭಟ್ಕಳದಲ್ಲಿ ನೆಂಟರ ಮನೆಗೆ ಹೊರಟವರು, ಉಪನ್ಯಾಸಕ್ಕೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಸಭೆಯಲ್ಲಿ ಶಿಕ್ಷಕರಿದ್ದರು, ಜವಳಿ ಅಂಗಡಿಯವರಿದ್ದರು, ಮುಂದಿನ ಸಾಲಿನಲ್ಲಿ ಕಡಲ ವ್ಯಾಪಾರದ ನವಾಯತ ಮುಸ್ಲಿಮ್ ಹಿರಿಯರಿದ್ದರು. ನಾನು ಹಲಗೆಯ ಮೇಲೆ ದೀರ್ಘವೃತ್ತ ಬರೆದೆ, ವೇಗ ಬರೆದೆ, ಎಳೆತ ಬರೆದೆ. ಎಲ್ಲವೂ ಸರಿಯಾಗಿತ್ತು. ಒಬ್ಬ ಹಿರಿಯರ ತಲೆ ಎದೆಯ ಮೇಲೆ ಬಾಗಿತು. ಇನ್ನೊಬ್ಬರು ಟೋಪಿಯಿಂದ ಗಾಳಿ ಹಾಕಿಕೊಳ್ಳತೊಡಗಿದರು. ಮಧ್ಯದಲ್ಲೇ ಸೀಮೆಸುಣ್ಣ ಕೆಳಗಿಟ್ಟು ಓಡಿಹೋಗಬೇಕು ಎನ್ನಿಸಿತು.

ಹಿಂದಿನ ಬೆಂಚಿನಿಂದ ದನಿ ಎದ್ದಿತು. ಮಾಸ್ತರರದೇ ದನಿ, ಆದರೆ ಈಗ ಮಾತಾಡುತ್ತಿದ್ದದ್ದು ಅವರೊಳಗಿನ ಅರ್ಥಧಾರಿ.

"ನಿಲ್ಲಿ ಸ್ವಾಮಿ! ಮೇಲೆ ಎಸೆದ ತೆಂಗಿನಕಾಯಿ ತಲೆ ಮೇಲೆ ಬೀಳ್ತದೆ. ನಿಮ್ಮ ಉಪಗ್ರಹ ಎಂತಕ್ಕೆ ಬೀಳೂದಿಲ್ಲ?"

"ಬೀಳುತ್ತಲೇ ಇದೆ," ಎಂದೆ ನಾನು, ಗಾಬರಿಯಲ್ಲಿ.

"ಬೀಳ್ತಾ ಉಂಟಾದ್ರೆ ನೆಲ ಎಲ್ಲಿ ಹೋತು?"

"ನೆಲ ಬಾಗಿದೆಯಲ್ಲ, ಭೂಮಿ ಉರುಟು. ಅದು ಬಿದ್ದಷ್ಟು ನೆಲವೂ ಅದರ ಕೆಳಗಿಂದ ಬಾಗುತ್ತ ತಪ್ಪಿಸಿಕೊಳ್ಳುತ್ತದೆ."

"ಓಹೋ! ಬೀಳುವವನನ್ನು ಹಿಡೀಲಿಕ್ಕೂ ಮನಸ್ಸಿಲ್ಲದ ನೆಲವೋ ಇದು?"

ನಕ್ಕರು ಜನ. ತೂಕಡಿಸುತ್ತಿದ್ದ ಹಿರಿಯರು ಎದ್ದು ಕೂತು, "ಸಾಹೇಬ್ರೆ, ನಮ್ಮ ಹಡಗಿಗೆ ಗಾಳಿ ಇಲ್ಲಾಂದ್ರೆ ಅದು ನಿಂತುಬಿಡ್ತದೆ. ಅಲ್ಲಿ ಗಾಳಿ ಇಲ್ಲ ಅಂತೀರಿ, ಮತ್ತೆ ಇದು ಹೇಗೆ ಓಡ್ತದೆ?" ಎಂದು ಕೇಳಿದರು. ಗಾಳಿ ಇಲ್ಲದ್ದಕ್ಕೇ ಓಡುತ್ತದೆ, ತಡೆಯುವವರು ಯಾರೂ ಇಲ್ಲ ಎಂದೆ. ಅವರು ಒಪ್ಪಲಿಲ್ಲ. ಮಾಸ್ತರರು ಅವರ ಪಕ್ಷ ಸೇರಿದರು. ನಾನು ಹಲಗೆಗೆ ಬೆನ್ನು ಹಾಕಿ ವಾದಕ್ಕಿಳಿದೆ. ವಾಚನಾಲಯ ಮುಚ್ಚುವ ಹೊತ್ತಾದರೂ ಯಾರೂ ಏಳಲಿಲ್ಲ.

ವಾಪಸು ಬರುವಾಗ ಹೊಳೆಯಲ್ಲಿ ಇಳಿತವಿತ್ತು. ಮರಳದಿಣ್ಣೆ ತಪ್ಪಿಸಲು ಲಾಂಚು ಸುತ್ತು ಬಳಸಿ ಹೋಗುತ್ತಿತ್ತು. ಮಾಸ್ತರರು ಹೇಳಿದರು:

"ನೀವು ಕೇಳುವವ ಉಸಿರೆತ್ತದ ಹಾಗೆ ಬರೀತ್ರಿ, ಪ್ರೊಫೆಸರ್ರೆ. ಸಂದೇ ಇಲ್ಲ. ಎದುರು ಅರ್ಥದವನಿಗೆ ಮಾತು ಬಿಟ್ಟುಕೊಡದವ ಅರ್ಥಧಾರಿಯೇ ಅಲ್ಲ. ಅವ ಎಷ್ಟು ಗಟ್ಟಿಯೋ ನೀವು ಅಷ್ಟು ಗಟ್ಟಿ."

ಗಣಿತದಲ್ಲಿ ಸಂದು ಎಂದರೆ ತಪ್ಪು. ನನ್ನ ಐದಾರು ವರ್ಷ ಮುಳುಗಿದ್ದು ಒಂದು ಸಂದಿನಲ್ಲಿ. ಇವರು ಸಂದು ಬಿಡಿ ಎನ್ನುತ್ತಿದ್ದಾರೆ! ಆದರೂ ಆ ಸಂಜೆ ನನಗೆ ಬಹಳ ದಿನಗಳ ಮೇಲೆ ಹಸಿವಾಗಿತ್ತು. ಕುಮಟೆ ಮುಟ್ಟುವುದರೊಳಗೆ ನಿರ್ಧರಿಸಿದ್ದೆ. ಎರಡು ದೋಣಿಯಲ್ಲಿ ಕಾಲಿಟ್ಟು ಸಾಯುವುದು ಬೇಡ. ನಾಲ್ಕನೆಯ ಪ್ರಮೇಯಕ್ಕೆ ನಾನು ಮರಳುವುದಿಲ್ಲ ಎಂದು ಮುಂಬಯಿಗೆ ತಿಳಿಸಿದೆ. ಮಾರ್ಗದರ್ಶಕರು ಒಂದೇ ಮಾತು ಬರೆದರು: ಸುಲಭದ ದಾರಿ ಹಿಡಿದಿರಿ. ಮುಂದಿನ ವರ್ಷ ಧಾರವಾಡದ ಪ್ರಕಾಶಕರೊಬ್ಬರು ಸಾಮಾನ್ಯರಿಗಾಗಿ ಒಂದು ದೊಡ್ಡ ವಿಜ್ಞಾನ ಪುಸ್ತಕ ಬರೆದುಕೊಡಿ ಎಂದಾಗ ಕಾಲೇಜಿನ ಕೆಲಸವನ್ನೂ ಬಿಟ್ಟೆ. ಮನೆಯವರು ಮಾತು ಬಿಟ್ಟರು. ಪ್ರಿನ್ಸಿಪಾಲರು ನನ್ನ ಆರೋಗ್ಯ ವಿಚಾರಿಸಿದರು.

ಬರೆಯುವ ಕ್ರಮ ಹೀಗಿತ್ತು. ವಾರವಿಡೀ ಒಂದು ಅಧ್ಯಾಯ ಬರೆಯುವುದು. ಭಾನುವಾರ ಮಧ್ಯಾಹ್ನ ಹೊನ್ನಾವರದಲ್ಲಿ ಧಕ್ಕೆಯ ಮೇಲುಗಡೆಯಿದ್ದ ಮಾಸ್ತರರ ಮನೆಗೆ ಹೋಗುವುದು. ಜಗಲಿಯಲ್ಲಿ ಎರಡು ಚಾಪೆ ಎದುರುಬದುರು. ನಾನು ಓದುತ್ತಿದ್ದೆ, ಅವರು ತಡೆಯುತ್ತಿದ್ದರು. ಉಬ್ಬರದ ಅಧ್ಯಾಯದಲ್ಲಿ ಅವರು ಸಮುದ್ರರಾಜ, ಗ್ರಹಣದಲ್ಲಿ ರಾಹು. ಬೆಳಕಿನ ವೇಗ ಅಳೆದ ಕತೆಯಲ್ಲಂತೂ ಸ್ವತಃ ಬೆಳಕೇ ಆಗಿ, "ನನ್ನ ಅಳೀಲಿಕ್ಕೆ ನೀ ಯಾರೋ?" ಎಂದು ನನ್ನನ್ನು ಏಕವಚನದಲ್ಲಿ ಗದರಿಸಿದ್ದರು. ಅವರ ಒಂದೊಂದು ಪ್ರಶ್ನೆಯನ್ನೂ ಗುರುತು ಹಾಕಿಕೊಂಡು ಕುಮಟೆಗೆ ಬಂದು ತಿದ್ದುತ್ತಿದ್ದೆ.

ತಾಳಮದ್ದಳೆಯಲ್ಲಿ ತಮ್ಮ ಅರ್ಥ ಮುಗಿಯಿತು, ಇನ್ನು ಮುಂದಿನ ಪದ್ಯವಾಗಲಿ ಎಂದು ಸೂಚಿಸಲು ಮಾಸ್ತರರು ಭಾಗವತರ ಕಡೆ ಅಂಗೈ ತಿರುಗಿಸುತ್ತಿದ್ದರು. ನಮ್ಮ ಜಗಲಿಯಲ್ಲಿ ಭಾಗವತರಿಲ್ಲ. ವಾದ ಮುಗಿದು ಮನಸ್ಸು ಒಪ್ಪಿದಾಗ ಅವರು ಒಳಬಾಗಿಲ ಕಡೆ ಅಂಗೈ ತಿರುಗಿಸುತ್ತಿದ್ದರು. ಅಲ್ಲಿ ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಚಾ ಹಿಡಿದು ನಿಂತಿರುತ್ತಿದ್ದರು. ಅಂಗೈ ತಿರುಗದೆ ಚಾ ಹೊರಗೆ ಬರುವ ಪದ್ಧತಿ ಇರಲಿಲ್ಲ. ಎಷ್ಟೋ ಭಾನುವಾರ ನಾನು ಚಾ ಇಲ್ಲದೆ ಎದ್ದು ಬಂದಿದ್ದೇನೆ. "ಇವತ್ತೂ ಗಿಟ್ತಿಲ್ಲೆ ನಿಮ್ಗೆ," ಎಂದು ಅಕ್ಕ ಒಳಗಿಂದಲೇ ನಗುತ್ತಿದ್ದರು.

ಹೀಗೆ ಒಂದೊಂದಾಗಿ ಅಧ್ಯಾಯಗಳು ದಾಟಿದವು. ಕೊನೆಗೆ ಉಳಿದದ್ದು ಅವಿಭಾಜ್ಯ ಸಂಖ್ಯೆಗಳದ್ದು. ಪ್ರಕಾಶಕರು ಅದನ್ನು ಕೇಳಿರಲಿಲ್ಲ, ಜನರಿಗೆ ಲೆಕ್ಕ ರುಚಿಸುವುದಿಲ್ಲ ಎಂದಿದ್ದರು. ಆದರೆ ಅದಿಲ್ಲದೆ ಈ ಪುಸ್ತಕ ನನಗೆ ಯಾಕೆ ಬೇಕಿತ್ತು? ನನ್ನಿಂದ ಕಳೆದುಹೋದ ಗಣಿತ ಕುಮಟೆಯಲ್ಲೋ ಮಿರ್ಜಾನದಲ್ಲೋ ಕೂತ ಒಬ್ಬನೇ ಒಬ್ಬನಿಗಾದರೂ ಮುಟ್ಟಬೇಕು. ಮುಟ್ಟಿದರೆ ಆ ವರ್ಷಗಳು ದಂಡವಾಗಲಿಲ್ಲ ಎಂದುಕೊಂಡಿದ್ದೆ. ಎಲ್ಲವನ್ನೂ ಅದೊಂದರ ಮೇಲೆ ಹೂಡಿದ್ದೆ.

ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂದು ತರ್ಕದಿಂದ ತೋರಿಸಿಕೊಡುವ ಪುರಾತನ ಸಾಧನೆಯೊಂದಿದೆ. ಅದಕ್ಕಿಂತ ಚೆಲುವಾದದ್ದನ್ನು ನಾನು ಕಂಡಿಲ್ಲ. ನಿಮಗೆ ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ, ಒಂದು ಕೂಡಿಸಿ. ಎರಡು, ಮೂರು, ಐದು ಗುಣಿಸಿದರೆ ಮೂವತ್ತು, ಒಂದು ಕೂಡಿಸಿದರೆ ಮೂವತ್ತೊಂದು. ಇದನ್ನು ಆ ಮೂರರಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಹಾಗಾಗಿ ನಿಮ್ಮ ಬಳಿ ಇಲ್ಲದ ಒಂದು ಹೊಸ ಅವಿಭಾಜ್ಯ ಇರಲೇಬೇಕು. ಬಂದ ಸಂಖ್ಯೆಯೇ ಅವಿಭಾಜ್ಯವಾಗಬೇಕೆಂದಿಲ್ಲ. ಹದಿಮೂರರವರೆಗಿನವನ್ನು ಗುಣಿಸಿ ಒಂದು ಕೂಡಿಸಿದರೆ ಮೂವತ್ತು ಸಾವಿರದ ಮೂವತ್ತೊಂದು. ಅದು ಐವತ್ತೊಂಬತ್ತರಿಂದ ಭಾಗವಾಗುತ್ತದೆ. ಆದರೆ ಆ ಐವತ್ತೊಂಬತ್ತೇ ನಿಮ್ಮಲ್ಲಿ ಇಲ್ಲದ್ದು.

ಓದಿ ಮುಗಿಸಿ ತಲೆಯೆತ್ತಿದೆ. ಮಾಸ್ತರರು ಕೆಮ್ಮಿದರು. ಕೆಲವು ತಿಂಗಳಿಂದ ಅವರ ದನಿ ಒಡೆದಿತ್ತು. ಸತತ ತಾಳಮದ್ದಳೆ ಕೂಟಗಳಿಂದ ಗಂಟಲು ಕಟ್ಟಿದೆ ಎಂದು ಕಲ್ಲುಸಕ್ಕರೆ ಚೀಪುತ್ತಿದ್ದರು.

"ನೀವು ಕೊಟ್ಟದ್ದು ಒಂದು," ಎಂದು ಬೆರಳೊಂದನ್ನು ಎತ್ತಿ ತೋರಿಸಿದರು. "ಇನ್ನೊಂದು ಉಂಟು ಅಂತ ತೋರ್ಸಿದ್ರಿ. ಒಪ್ಪಿದೆ. ಮುಗಿಯೂದೇ ಇಲ್ಲ ಅಂತ ಎಲ್ಲಿ ತೋರ್ಸಿದ್ರಿ?"

"ಪ್ರತಿ ಸಲವೂ ಇನ್ನೊಂದು ಸಿಗುತ್ತದಲ್ಲ ಮಾಸ್ತರ್ರೆ."

"ಪ್ರತಿ ಸಲ ಅಂದ್ರೆ ಪ್ರತಿ ಸಲ ಕೇಳುವವ ಒಬ್ಬ ಬೇಕಲ್ಲ. ಅವ ಸಾಕಾಗಿ ಎದ್ದು ಹೋದ್ರೆ? ಅಲ್ಲಿಗೆ ಮುಗಿದ ಹಾಗೇ ಅಲ್ವಾ?"

ಮುಂಬಯಿಯಲ್ಲಿ ಬೆರಳಿಟ್ಟ ಜಾಗದಲ್ಲೇ ಇವರೂ ಬೆರಳಿಟ್ಟಿದ್ದರು. ಈ ಸಾಧನೆಯಲ್ಲಿ ತಪ್ಪೇನೂ ಇಲ್ಲ, ನಾನು ಬಲ್ಲೆ. ಮುಗಿಯುತ್ತದೆ ಎಂದುಕೊಳ್ಳಿ, ಆಗ ಆ ಮಾತೇ ತನ್ನನ್ನು ತಾನು ವಿರೋಧಿಸುತ್ತದೆ, ಆದ್ದರಿಂದ ಮುಗಿಯುವುದಿಲ್ಲ ಎಂದು ಹೇಳಿದೆ. ಮಾಸ್ತರರು ತಲೆಯಾಡಿಸಿದರು.

"ಇದು ಬಾಯಿ ಮುಚ್ಚಿಸೂದು ಆತು. ಒಪ್ಪಿಸೂದು ಆಗ್ಲಿಲ್ಲ."

ಆ ದಿನ ಚಾ ಸಿಗಲಿಲ್ಲ. ಮುಂದಿನ ಭಾನುವಾರವೂ, ಅದರ ಮುಂದಿನದೂ ಸಿಗಲಿಲ್ಲ. ಅಷ್ಟರಲ್ಲಿ ಅವರ ದನಿ ಪಿಸುಮಾತಿಗೆ ಇಳಿಯಿತು. ಮಿರಜಿಗೆ ಕರೆದೊಯ್ದರು. ಅಲ್ಲಿನ ವೈದ್ಯರು ಗಂಟಲಲ್ಲಿ ಗಡ್ಡೆಯಿದೆ ಎಂದರು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ತೆಗೆದರು.

ಊರಿಗೆ ಮರಳಿದ ಮೇಲೆ ನೋಡಲು ಹೋದೆ. ಕುತ್ತಿಗೆಯಲ್ಲಿ ಉಸಿರಾಡಲು ಮಾಡಿದ ತೂತು, ಅದರ ಮೇಲೊಂದು ತೆಳು ಬಟ್ಟೆ. ಉಸಿರಿಗೊಮ್ಮೆ ಬಟ್ಟೆ ಅಲುಗುತ್ತಿತ್ತು. ಅಷ್ಟು ದೊಡ್ಡ ಮಾತುಗಾರನಿಗೆ ಇಂಥ ಶಿಕ್ಷೆ ಯಾಕೆ ಎಂದುಕೊಂಡೆ. ಅವರು ಮಾತ್ರ ಚಾಪೆಯ ಕಡೆ ಕೈ ತೋರಿಸಿದರು. ಓದಿ ಎಂಬ ಅರ್ಥ.

ಓದಿದೆ. ಅವರು ಮಾತಾಡಲಾರರಾದ್ದರಿಂದ ಅವರ ಪ್ರಶ್ನೆಗಳನ್ನೂ ನಾನೇ ಕೇಳಿ, ಅವರ ಧಾಟಿಯಲ್ಲೇ ವಾದಿಸಿ, ನಾನೇ ಉತ್ತರ ಕೊಟ್ಟೆ. ನಾಲ್ಕು ಮಾತಾಗುವುದರೊಳಗೆ ಅವರು ಮುಖ ತಿರುಗಿಸಿ ಕಣ್ಣು ಮುಚ್ಚಿದರು. ಯಾಕೆಂದು ನನಗೆ ಗೊತ್ತಾಯಿತು. ನಾನು ಸೃಷ್ಟಿಸಿದ ಎದುರಾಳಿ ಸೋಲಲಿಕ್ಕೆಂದೇ ಬಂದವನು. ಅವನು ಕೇಳಿದ್ದಕ್ಕೆಲ್ಲ ನನ್ನ ಬಳಿ ಉತ್ತರ ಸಿದ್ಧವಿತ್ತು. ಮಾಸ್ತರರು ಕೇಳುತ್ತಿದ್ದದ್ದು ನನ್ನ ಬಳಿ ಉತ್ತರವಿಲ್ಲದ್ದನ್ನು.

ಕುಮಟೆಗೆ ಬಂದು ಆ ಅಧ್ಯಾಯವನ್ನು ಹರಿದು ಹೊಸದಾಗಿ ಬರೆದೆ. ದೋಣಿಯ ಹುಟ್ಟಿನ ಉಪಮೆ ಹಾಕಿದೆ, ತೆಗೆದೆ. ಅಲೆಗಳನ್ನು ಎಣಿಸುವವನ ಕತೆ ಹಾಕಿದೆ, ಅದೂ ಹುಸಿಯೆನಿಸಿತು. ಸಾಧನೆ ನೂರಕ್ಕೆ ನೂರು ಸರಿ, ಆದರೆ ಕೇಳುವವನು ಎದ್ದು ಹೋದ ಮೇಲೂ ಅದು ಸರಿಯೇ ಎಂದು ಕೇಳುವವನಿಗೆ ಹೇಗೆ ತೋರಿಸುವುದು? ನನ್ನ ಹೊಸ ಕಸುಬೂ ಹಳೆಯದರಂತೆ ಅದೇ ಒಂದು ಸಾಲಿನಲ್ಲಿ ಮುರಿಯುತ್ತಿತ್ತು. ಸಂಪಾದಕರು ಬೇರೆ, ಈಗ ನಿಮ್ಮ ಲೇಖನಗಳು ತುಂಬ ಸರಳವಾಗಿವೆ ಎಂದು ಹೊಗಳಿ ಕಾರ್ಡು ಹಾಕಿದ್ದರು. ಎದುರು ಕೇಳುವವರಿಲ್ಲದೆ ಬರೆದದ್ದು ಸರಳವಾಗದೆ ಇನ್ನೇನಾದೀತು?

ಕೊನೆಯ ಸಲ ಹೋದಾಗ ಅಕ್ಕ ಬಾಗಿಲಲ್ಲೇ ಹೇಳಿದರು.

"ಅವ್ರಿಗೆ ಗಂಜಿಯೂ ಇಳಿತಿಲ್ಲೆ. ಬೆಳಗಿಂದ ನಿಮ್ಮದೇ ದಾರಿ ಕಾಯೂದು."

ಚಾಪೆಯ ಮೇಲೆ ಕೂರಲು ಅವರಿಗೆ ಆಗುತ್ತಿರಲಿಲ್ಲ. ಗೋಡೆಗೆ ದಿಂಬು ಕೊಟ್ಟು ಒರಗಿಸಿದ್ದರು. ನಾನು ಈ ಸಲ ಯಾರ ವೇಷವನ್ನೂ ಹಾಕಲಿಲ್ಲ. ಬರೆದದ್ದನ್ನು ಬರೆದ ಹಾಗೆ ಓದಿದೆ. ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು. ಅಕ್ಕ ಎಂದಿನ ಜಾಗದಲ್ಲಿ ಚಾ ಹಿಡಿದು ನಿಂತಿದ್ದರು. ಓದು ಮುಗಿಯಿತು. ನಾನೂ ಅಕ್ಕನೂ ಮಾಸ್ತರರ ಕೈಯನ್ನೇ ನೋಡುತ್ತಿದ್ದೆವು. ಅವರೂ ನೋಡುತ್ತಿದ್ದರು.

ಒಂದು ಸಲ ಅಂಗೈ ತಿರುಗಿಸಿಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸುಳ್ಳಾದರೂ ಸರಿ, ಸಾಯುವವನ ಕರುಣೆಯಾದರೂ ಸರಿ. ಕೈ ಮೇಲೆದ್ದಿತು. ಅಂಗೈ ತಿರುಗಲಿಲ್ಲ. ಒಂದು ಬೆರಳು ನಿಂತಿತು, ಅದೇ ಹಳೆಯ ಬೆರಳು. ಕೊಟ್ಟದ್ದು ಒಂದು.

ಅರ್ಥ ಹೇಳುವವರು ಸುಳ್ಳು ಒಪ್ಪುವವರಲ್ಲ. ಆ ವಾರವೇ ಹೋದರು.

ಪುಸ್ತಕ ಆ ಅಧ್ಯಾಯವಿಲ್ಲದೆ ಅಚ್ಚಾಯಿತು. ಗಣಿತದವರ ಪುಸ್ತಕದಲ್ಲಿ ಗಣಿತವೇ ಇಲ್ಲವೇ ಎಂದು ಪ್ರಕಾಶಕರು ತಮಾಷೆ ಮಾಡಿದರು. ಉಳಿದ ಅಧ್ಯಾಯಗಳನ್ನು ಜನ ಓದಿದರು, ಮೆಚ್ಚಿದರು, ಶಾಲೆಗಳಿಗೆ ತರಿಸಿಕೊಂಡರು. ನನಗೆ ಹೆಸರು ಬಂತು. ಬಂದ ಹೆಸರನ್ನು ಏನು ಮಾಡಬೇಕೆಂದು ತಿಳಿಯದೆ ಮೊದಲ ಪ್ರತಿಯನ್ನು ಹಿಡಿದು ಹೊನ್ನಾವರಕ್ಕೆ ಹೋದೆ.

ಅಕ್ಕ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟರು. ಒಳಗೆ ಹೋದರು. ನಾನು ಜಗಲಿಯ ಮೇಲೆ ನನ್ನ ಚಾಪೆ ಹಾಕಿಕೊಂಡು ಕೂತೆ, ಎದುರಿನ ಚಾಪೆ ಸುತ್ತಿ ಗೋಡೆಗೆ ನಿಲ್ಲಿಸಿತ್ತು. ಸ್ವಲ್ಪ ಹೊತ್ತಿಗೆ ಅವರು ಚಾ ಹಿಡಿದು ಬಂದು ಒಳಬಾಗಿಲಲ್ಲಿ ನಿಂತರು.

"ಅವ್ರ ಪ್ರಶ್ನೆಗೆ ಉತ್ತರ ಸಿಕ್ತಾ?"

"ಇಲ್ಲ ಅಕ್ಕ."

ಅವರು ಸುತ್ತಿಟ್ಟ ಚಾಪೆಯನ್ನು ನೋಡಿದರು.

"ಹಂಗಾರೆ ಅರ್ಥ ಮುಗದ್ದಿಲ್ಲೆ," ಎಂದು ಲೋಟ ಹಿಡಿದುಕೊಂಡೇ ಒಳಗೆ ಹೋದರು.